ಮಕ್ಕಳ ತಂಡಕ್ಕೆ ಗುರಿ ಇಡುವುದು ಹೇಗೆ? ‘ಎಲ್ಲಾ ಮ್ಯಾಚ್ ಗೆಲ್ಲಬೇಕು’ ಅಂದರೆ ಯಾಕೆ ಸಾಲದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 12 ವರ್ಷದೊಳಗಿನವರ ಫುಟ್‌ಬಾಲ್ ತಂಡ, 14 ಮಕ್ಕಳು, ಅರ್ಧದಷ್ಟು ಮಂದಿ ಹೊಸದಾಗಿ ಬಂದವರು. ಪೋಷಕರಲ್ಲೇ ಒಬ್ಬರು ಕೋಚ್. ಹಳಬರು ಹಳಬರಿಗೇ ಪಾಸ್ ಕೊಡ್ತಾರೆ, ಹೊಸಬರು ಸುಮ್ಮನೆ ಓಡ್ತಾ ಇರ್ತಾರೆ. ಸೀಸನ್‌ಗೆ ಒಂದು ಗುರಿ ಇಟ್ಟರೆ ಒಗ್ಗಟ್ಟು ಬರುತ್ತೆ ಅಂತಾರೆ. ನಿಜವೇ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1:
ನಿಜ, ಆದರೆ ಅದು ಯಾವ ಗುರಿ, ಯಾರು ಇಟ್ಟ ಗುರಿ ಅನ್ನುವುದರ ಮೇಲೆ ಹೋಗುತ್ತದೆ. ‘ಲೀಗ್‌ನಲ್ಲಿ ಮೊದಲು ಬರಬೇಕು’ ಎನ್ನುವುದು ಫಲಿತಾಂಶದ ಗುರಿ. ಎದುರಾಳಿ, ರೆಫರಿ, ಮಳೆ, ಎಲ್ಲದರ ಕೈಯಲ್ಲೂ ಅದು ಸಿಕ್ಕಿಕೊಂಡಿದೆ. ಮೊದಲ ಎರಡು ಮ್ಯಾಚ್ ಸೋತರೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ಆಮೇಲೆ ತಪ್ಪು ಯಾರದು ಅಂತ ಮಕ್ಕಳು ಹುಡುಕಲು ಶುರುಮಾಡುತ್ತಾರೆ, ಬಿರುಕು ಬೀಳುವುದು ಅಲ್ಲೇ. ಮಕ್ಕಳ ಕೈಯಲ್ಲೇ ಇರುವ, ಎಣಿಸಲು ಬರುವ ಕೆಲಸವನ್ನು ಗುರಿ ಮಾಡಿ.

ಮೊದಲ ವಾರವೇ ಗುರಿ ಬರೆಯಬೇಡಿ. ಮೊದಲ 2-3 ಮ್ಯಾಚ್ ಬರೀ ಎಣಿಸಿ. ಉದಾಹರಣೆಗೆ, ಸತತ ಮೂರು ಪಾಸ್ ಕೂಡಿದ್ದು ಎಷ್ಟು ಸಲ? ಚೆಂಡು ಕಳೆದುಕೊಂಡ 5 ಸೆಕೆಂಡಿನೊಳಗೆ ಹತ್ತಿರದವರು ಅದರ ಹಿಂದೆ ಹೋದದ್ದು ಎಷ್ಟು ಸಲ? ಸರಾಸರಿ 8 ಬಂದರೆ ಗುರಿ 10 ಇರಲಿ. 20 ಇಟ್ಟರೆ ಮೂರನೇ ವಾರಕ್ಕೆ ಯಾರೂ ನಂಬುವುದಿಲ್ಲ. ‘ನಿಮ್ಮ ಕೈಲಾದಷ್ಟು ಮಾಡಿ’ ಅಂದರೂ ಆಗದು. ಸ್ಪಷ್ಟವಾದ, ತುಸು ಕಷ್ಟದ ಗುರಿಯೇ ಹೆಚ್ಚು ಕೆಲಸ ಮಾಡಿಸುತ್ತದೆ ಎನ್ನುವುದು ಲಾಕ್ ಮತ್ತು ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಪರೀಕ್ಷಿಸಿ ಹೇಳಿದ ಮಾತು. ಆದರೆ ಮಾಡುವವರು ಅದನ್ನು ಒಪ್ಪಿರಬೇಕು.

ಒಪ್ಪಿಗೆ ಬರಬೇಕಾದರೆ ಗುರಿ ಮಕ್ಕಳಿಂದಲೇ ಬರಬೇಕು. ಅರ್ಧ ಗಂಟೆ ಸಾಕು. ಪ್ರತಿಯೊಬ್ಬರೂ 5 ನಿಮಿಷ ತಮ್ಮಷ್ಟಕ್ಕೆ ಚೀಟಿಯಲ್ಲಿ ಮೂರು ಅಂಶ ಬರೆಯಲಿ. ನಂತರ ಮೂರ್ನಾಲ್ಕು ಮಕ್ಕಳ ಗುಂಪಿನಲ್ಲಿ 10 ನಿಮಿಷ, ಅದರಲ್ಲಿ ಹಳಬರು ಹೊಸಬರು ಬೆರೆತಿರಲಿ. ಕೊನೆಗೆ ಇಡೀ ತಂಡ ಕೂತು ಮೂರನ್ನು ಉಳಿಸಿಕೊಳ್ಳಲಿ. ಚೀಟಿಯಿಂದಲೇ ಶುರುಮಾಡಿ, ನೇರವಾಗಿ ಚರ್ಚೆಗೆ ಇಳಿದರೆ ಜೋರು ಬಾಯಿಯ ಇಬ್ಬರೇ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಕೋಚ್ ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಇದನ್ನು ಹೇಗೆ ಎಣಿಸ್ತೀರಿ?’ ಎಣಿಸಲು ಬಾರದ್ದು ಪಕ್ಕಕ್ಕೆ.

ಎಣಿಕೆ ಒಬ್ಬ ಪೋಷಕರ ಕೆಲಸ. ಒಂದೇ ಹಾಳೆ, ಗುರಿಗೊಂದು ಸಾಲು, ಪ್ರತಿ ಸಾಲಿನಲ್ಲೂ ಮೊದಲಾರ್ಧಕ್ಕೊಂದು ಮನೆ, ಎರಡನೆಯದಕ್ಕೊಂದು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕಿದರೆ ಆಯಿತು. ಎಣಿಸುವವರು ಕೂಗಾಡುವಂತಿಲ್ಲ (ಅದಕ್ಕೇ ಈ ಕೆಲಸವನ್ನು ಅತಿ ಹೆಚ್ಚು ಕೂಗುವವರಿಗೆ ಕೊಡುವುದು ಒಳ್ಳೆಯದು). ಮ್ಯಾಚ್ ಮುಗಿದ ಮೇಲೆ ಎರಡೇ ನಿಮಿಷ ಅಂಕಿ ಓದಿ. 3-4 ಮ್ಯಾಚಿಗೊಮ್ಮೆ ಕೂತು ಗುರಿ ಏರಿಸಬೇಕೋ ಇಳಿಸಬೇಕೋ ಕೇಳಿ. ಬರೆದು ಗೋಡೆಗೆ ಅಂಟಿಸಿ ಮರೆತ ಗುರಿಯಿಂದ ಏನೂ ಆಗುವುದಿಲ್ಲ.

ಒಂದು ಎಚ್ಚರಿಕೆ. ಮಕ್ಕಳು ಚುರುಕು, ಅಂಕಿ ತುಂಬಿಸುವ ದಾರಿ ಬೇಗ ಕಂಡುಕೊಳ್ಳುತ್ತಾರೆ. ಮೂರು ಪಾಸ್ ಗುರಿ ಇಟ್ಟರೆ ಡಿಫೆಂಡರ್‌ಗಳು ತಮ್ಮ ಗೋಲಿನ ಮುಂದೆಯೇ ಚೆಂಡು ಆಚೀಚೆ ತಳ್ಳುತ್ತಾ ನಿಲ್ಲುತ್ತಾರೆ. ‘ಮೂರನೇ ಪಾಸ್ ಮಧ್ಯದ ಗೆರೆ ದಾಟಿರಬೇಕು’ ಅಂತ ಒಂದು ಷರತ್ತು ಸೇರಿಸಿ. ನಿಮ್ಮ ತಂಡಕ್ಕಾದರೆ, ಮೂರು ಪಾಸ್‌ನಲ್ಲಿ ಒಬ್ಬರಾದರೂ ಈ ಸೀಸನ್‌ಗೆ ಬಂದವರಿರಬೇಕು ಅನ್ನಿ. ‘ಎಲ್ಲರಿಗೂ ಪಾಸ್ ಕೊಡಿ’ ಅಂತ ಬುದ್ಧಿ ಹೇಳುವುದಕ್ಕಿಂತ ಇದು ಬೇಗ ಹತ್ತುತ್ತದೆ.

ಅತಿಯಾಗಿ ನಿರೀಕ್ಷಿಸಬೇಡಿ. ಹೈಸ್ಕೂಲ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಗಳ ಮೇಲೆ ಇಡೀ ಸೀಸನ್ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ತಂಡವಾಗಿ ಗುರಿ ಇಟ್ಟವರಲ್ಲಿ ಒಗ್ಗಟ್ಟು ಮೊದಲಿದ್ದ ಮಟ್ಟದಲ್ಲೇ ಉಳಿಯಿತು, ಉಳಿದವರಲ್ಲಿ ಕುಸಿಯಿತು. ಅಂದರೆ ಸೀಸನ್ ಕಳೆದಂತೆ ಒಗ್ಗಟ್ಟು ತಾನಾಗಿ ಬೆಳೆಯುತ್ತದೆ ಎಂದು ಕೂರುವಂತಿಲ್ಲ. ಇಳಿಯದಂತೆ ನೋಡಿಕೊಂಡರೂ ಅದು ಗೆಲುವೇ.

ಉತ್ತರ 2:
ಮೇಲಿನವರು ಹೇಳಿದ್ದು ಬಹುಪಾಲು ಒಪ್ಪುತ್ತೇನೆ, ಆದರೆ ತಂಡದ ಅಂಕಿ ಮಾತ್ರ ಇದ್ದರೆ ಒಂದು ತೂತು ಉಳಿಯುತ್ತದೆ. ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಹಗ್ಗ ಎಳೆಯುವವರ ಬಲ ಅಳೆದು 1913ರಲ್ಲಿ ಬರೆದಿದ್ದರು: ಜನ ಹೆಚ್ಚಿದಂತೆ ತಲಾ ಹಾಕುವ ಬಲ ಕಡಿಮೆಯಾಗುತ್ತದೆ. ಹೊಂದಾಣಿಕೆ ತಪ್ಪುವುದು ಒಂದು ಕಾರಣ, ತನ್ನ ಪಾಲು ಯಾರಿಗೂ ಕಾಣದು ಎನ್ನುವುದು ಇನ್ನೊಂದು. 14 ಮಕ್ಕಳಲ್ಲಿ ನಾಲ್ವರು ಹಾಗೆಯೇ ಕರಗಿಹೋಗಬಹುದು.

ಹಾಗಂತ ಯಾರು ಎಷ್ಟು ಪಾಸ್ ಕೊಟ್ಟರು ಅನ್ನುವ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ತಂಡ ಒಡೆಯಲು ಅದೊಂದೇ ಸಾಕು. ಪ್ರತಿ ಮಗುವಿಗೂ ಅದರ ಜಾಗಕ್ಕೆ ತಕ್ಕ ಒಂದು ಕೆಲಸ ಕೊಡಿ, ಅದು ಕೋಚ್ ಮತ್ತು ಮಗುವಿನ ನಡುವೆಯೇ ಇರಲಿ. ಗೋಲ್‌ಕೀಪರ್‌ಗೆ, ಚೆಂಡು ನಮ್ಮ ಕಡೆ ಬರುವಾಗೆಲ್ಲ ಡಿಫೆಂಡರ್ ಹೆಸರು ಕೂಗಿ ಹೇಳುವುದು. ಅಂಚಿನಲ್ಲಿ ಆಡುವವರಿಗೆ, ಪಾಸ್ ಕೊಟ್ಟ ಮೇಲೆ ನಿಲ್ಲದೆ ಮುಂದೆ ಓಡುವುದು. ಬೆಂಚಿನಲ್ಲಿ ಕೂತ ಮಗುವಿಗೂ ಏನಾದರೊಂದು ಇರಲೇಬೇಕು: ಎಣಿಕೆಯ ಹಾಳೆ ಹಿಡಿಯುವುದು, ಇಲ್ಲವೇ ತಾನು ಒಳಗೆ ಹೋದಾಗ ಎದುರಿಗೆ ಸಿಗುವ ಆಟಗಾರ ಯಾವ ಕಾಲಲ್ಲಿ ಒದೆಯುತ್ತಾನೆ ಅಂತ ನೋಡಿಕೊಳ್ಳುವುದು.

ಒಗ್ಗಟ್ಟಿನಲ್ಲೂ ಎರಡು ಬಗೆ: ಕೆಲಸದ ಒಗ್ಗಟ್ಟು, ಗೆಳೆತನದ ಒಗ್ಗಟ್ಟು. ಪಾರ್ಟಿ, ಪಿಕ್‌ನಿಕ್ ಮಾಡಿಸಿದರೆ ಗೆಳೆತನ ಹೆಚ್ಚಬಹುದು, ಆದರೆ ಹಳಬರು ಅಲ್ಲೂ ಒಂದೇ ಕಡೆ ಕೂರುತ್ತಾರೆ. ಪ್ರಾಕ್ಟೀಸ್‌ನಲ್ಲಿ ಜೋಡಿಗಳನ್ನು ಮಕ್ಕಳ ಆಯ್ಕೆಗೆ ಬಿಡದೆ ವಾರಕ್ಕೊಮ್ಮೆ ಬದಲಿಸಿ. ಭಾಷೆ ಇನ್ನೂ ಹಿಡಿತಕ್ಕೆ ಬಾರದ ಮಗು ಇದ್ದರೆ ಮೈದಾನದ ಐದಾರು ಪದಗಳನ್ನು ಮೊದಲೇ ಕಲಿಸಿ: ಬಿಡು, ತಿರುಗು, ಹಿಂದೆ ಆಳು ಇದ್ದಾನೆ, ಸಮಯ ಇದೆ. ಪಾಸ್ ಸಿಗದಿರುವುದಕ್ಕೆ ಎಷ್ಟೋ ಸಲ ಕಾರಣ ಆ ಮಗು ಕೂಗಿ ಕೇಳದಿರುವುದು.

10 ವರ್ಷಕ್ಕಿಂತ ಚಿಕ್ಕವರಾದರೆ ಇಷ್ಟೆಲ್ಲ ಬೇಡ. ಒಂದು ಮ್ಯಾಚಿಗೆ ಒಂದೇ ಗುರಿ ಸಾಕು.

ಉತ್ತರ 3:
ಆಡುವ ಸಮಯದ ವಿಷಯ ಯಾರೂ ಎತ್ತಿಲ್ಲ. ಕೊನೆಯ 10 ನಿಮಿಷ ಗೆಲ್ಲಲೇಬೇಕು ಅಂತ ಕೋಚ್ ಹೊಸಬರನ್ನೆಲ್ಲ ಹೊರಗೆ ಕರೆದರೆ ಗೋಡೆಯ ಮೇಲಿನ ಮೂರು ಗುರಿಯನ್ನೂ ಅಳಿಸಿದ ಹಾಗೆ. ನಿಜವಾದ ಗುರಿ ಯಾವುದು ಅಂತ ಮಕ್ಕಳಿಗೆ ಅಲ್ಲೇ ತಿಳಿದುಹೋಗುತ್ತದೆ. ಸಬ್‌ಸ್ಟಿಟ್ಯೂಟ್ ಸರದಿಯನ್ನು ಮ್ಯಾಚಿಗೆ ಮೊದಲೇ ಬರೆದಿಡಿ, ಸ್ಕೋರ್ ಏನೇ ಇರಲಿ ಅದರಂತೆ ಬದಲಿಸಿ. ಪೋಷಕರ ಕಡೆಯಿಂದಲೂ ಒಂದು ಸಹಕಾರ ಬೇಕು: ಕಾರಿನಲ್ಲಿ ‘ಗೆದ್ರಾ? ನೀನೆಷ್ಟು ಗೋಲ್ ಹೊಡೆದೆ?’ ಬೇಡ, ‘ಇವತ್ತು ಮೂರು ಪಾಸ್ ಎಷ್ಟಾಯ್ತು?’ ಅಂತ ಕೇಳಿ. ಮಗುವಿಗೆ ಮಾತು ಬೇಡವಾಗಿದ್ದರೆ ಅದನ್ನೂ ಕೇಳಬೇಡಿ.