ಪದಚರ್ಚೆ: ಚರಂಡಿಯ ಕಾಗದದಲ್ಲಿ ‘ಬೇಡಿಕೆ’ಯೋ ‘ಮನವಿ’ಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಿತು. ಮೇಲೆ ಹಾಸಿದ್ದ ಚಪ್ಪಡಿಗಳಲ್ಲಿ ಎರಡು ಮುರಿದು ಬಿದ್ದು, ತಗ್ಗಿನಲ್ಲಿರುವ ನಾಲ್ಕು ಮನೆಗಳ ಹೊಸ್ತಿಲಿನವರೆಗೂ ಕೊಳಚೆ ನೀರು ಬಂತು. ಬೀದಿಯವರೆಲ್ಲ ಸೇರಿ ಸ್ಥಳೀಯ ಸಂಸ್ಥೆಗೆ ಕಾಗದ ಕೊಡುವುದೆಂದಾಯಿತು, ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ವಿಷಯ: ಚರಂಡಿ ದುರಸ್ತಿಗಾಗಿ ನಿವಾಸಿಗಳ ಬೇಡಿಕೆ’ ಎಂದು ಬರೆದು, ಇಪ್ಪತ್ತಮೂರು ಸಹಿ ಹಾಕಿಸಿಕೊಂಡು ಹೋದೆ. ವಿಷಯ ನಿರ್ವಾಹಕರು ಓದಿ, ‘ಬೇಡಿಕೆ’ಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ‘ಇಲ್ಲಿ ಮನವಿ ಎಂದು ಹಾಕಿ. ಬೇಡಿಕೆ ಎಂದರೆ ಮುಷ್ಕರದ ಭಾಷೆಯಾಗುತ್ತದೆ’ ಎಂದರು. ಸೌಜನ್ಯದಿಂದಲೇ ಹೇಳಿದರು, ನಾನೂ ಅಲ್ಲೇ ತಿದ್ದಿ ಕೊಟ್ಟೆ. ಮನೆಗೆ ಬಂದ ಮೇಲೂ ಆ ಪೆನ್ಸಿಲ್ ಗೆರೆ ಕಣ್ಣ ಮುಂದೆಯೇ ಇತ್ತು.

‘ಬೇಡು’ ಎಂದೊಡನೆ ನಮಗೆ ನೆನಪಾಗುವುದು ಭಿಕ್ಷೆ, ಇಲ್ಲವೇ ದೇವರಲ್ಲಿ ಕೇಳಿಕೊಳ್ಳುವ ವರ. ಆದರೆ ಇದೇ ಬೇರಿನ ತಮಿಳಿನ ‘ವೇಂಡು’ವನ್ನು ನೋಡಿ. ‘ವೇಂಡುಂ’ ಎಂದರೆ ಬೇಕು, ‘ವೇಂಡಾಂ’ ಎಂದರೆ ಬೇಡ. ನಾವು ದಿನಕ್ಕೆ ನೂರು ಸಲ ಆಡುವ ‘ಬೇಡ’ವೂ ಇದೇ ಮನೆತನದ್ದು. ಅಂದರೆ ಈ ಮಾತಿನ ಬುಡದಲ್ಲಿ ಇರುವುದು ಅಗತ್ಯ, ಕೈಯೊಡ್ಡುವ ಅರ್ಥ ಅದರ ಒಂದು ಕವಲು. ಕನ್ನಡದಲ್ಲಿ ಕ್ರಿಯಾಪದವೂ ನಾಮಪದವೂ ಬೇರೆ ಬೇರೆ ದಾರಿ ಹಿಡಿದಿವೆ ಎಂದು ನನಗೆ ತೋರುತ್ತದೆ. ‘ಬೇಡಿದರು’ ಎಂದರೆ ತಲೆ ತಗ್ಗುತ್ತದೆ, ‘ಬೇಡಿಕೆಯಿಟ್ಟರು’ ಎಂದರೆ ತಲೆ ಎತ್ತುತ್ತದೆ. ‘ಮಾರುಕಟ್ಟೆಯಲ್ಲಿ ರಾಗಿಗೆ ಬೇಡಿಕೆ ಇದೆ’ ಎನ್ನುವಾಗ ಎರಡೂ ಇಲ್ಲ, ಬರಿಯ ಅಗತ್ಯವಿದೆ. ಹಳೆಯ ಅರ್ಥ ಅಲ್ಲಿ ಹಾಗೆಯೇ ಉಳಿದಿದೆ.

ಇನ್ನು ಅದೇ ಕಟ್ಟಡದ ಕಂದಾಯ ಶಾಖೆಗೆ ಬನ್ನಿ. ಅಲ್ಲಿನ ತೆರಿಗೆ ವಹಿಯಲ್ಲಿ ಮೂರು ಮುಖ್ಯ ಅಂಕಣಗಳು: ಬೇಡಿಕೆ, ವಸೂಲಿ, ಬಾಕಿ. ಪಂಚಾಯತಿಯಿಂದ ಹಿಡಿದು ಮಹಾನಗರದವರೆಗೆ ಮನೆ ಕಂದಾಯದ ಲೆಕ್ಕ ನಡೆಯುವುದು ಇವುಗಳ ಮೇಲೆಯೇ. ನನ್ನ ಮನೆಯ ಹೆಸರಿನ ಮುಂದೆ ಈ ಸಾಲಿನ ಬೇಡಿಕೆ ಇಷ್ಟು ಎಂದು ಬರೆದಿದ್ದಾರೆ, ಕಟ್ಟದಿದ್ದರೆ ಅದು ಮುಂದಿನ ಸಾಲಿಗೆ ಬಾಕಿಯಾಗಿ ಹೋಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ತೆರಿಗೆ ಕಟ್ಟಬೇಕಾದದ್ದೇ. ನನ್ನ ಪ್ರಶ್ನೆ ಇಷ್ಟೇ: ಕಚೇರಿ ನಿವಾಸಿಯಿಂದ ಕೇಳುವಾಗ ಹೊಂದುವ ಪದ, ನಿವಾಸಿ ಕಚೇರಿಯಿಂದ ಕೇಳುವಾಗ ಏಕೆ ಒರಟಾಗಬೇಕು? ನಮ್ಮ ಚರಂಡಿಗೂ ಒಂದು ವಹಿಯಿದ್ದು, ಅದರಲ್ಲೂ ಬೇಡಿಕೆಯ ಪಕ್ಕದಲ್ಲಿ ಬಾಕಿ ಎಂಬ ಅಂಕಣ ಇದ್ದಿದ್ದರೆ, ಮೂರು ವರ್ಷದಿಂದ ಆಗದೆ ಉಳಿದ ಹೂಳೆತ್ತುವ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ವಿಧಾನಸಭೆಯಲ್ಲಿ ಪ್ರತಿ ವರ್ಷ ಇಲಾಖಾವಾರು ಬೇಡಿಕೆಗಳ ಮೇಲೆ ಚರ್ಚೆ ನಡೆಯುತ್ತದೆ. ಸಂವಿಧಾನದ 203ನೇ ವಿಧಿಯಂತೆ, ಸಂಚಿತ ನಿಧಿಯಿಂದ ಹಣ ಖರ್ಚು ಮಾಡಲು ಸರ್ಕಾರ ಅನುದಾನದ ಬೇಡಿಕೆಗಳನ್ನು ಸದನದ ಮುಂದಿಡಬೇಕು. ಸರ್ಕಾರವೇ ಇಟ್ಟಾಗ ಬೇಡಿಕೆ ಮರ್ಯಾದೆಯ ಪದ. 2005ರ ಉದ್ಯೋಗ ಖಾತರಿ ಕಾಯ್ದೆಯ ಕಾಲದಲ್ಲಿ ಕೂಲಿಕಾರರು ‘ಕೆಲಸಕ್ಕೆ ಬೇಡಿಕೆ’ ಸಲ್ಲಿಸಿದರು. 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ಆ ಕಾಯ್ದೆ ಹೇಳಿತು. ಓದು ಬಾರದ ಹೆಂಗಸರೂ ಪಂಚಾಯತಿ ಬಾಗಿಲಲ್ಲಿ ನಿಂತು ‘ನಮ್ಮ ಬೇಡಿಕೆ ಬರೆದುಕೊಳ್ಳಿ’ ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ಆ ಮಾತಿನಲ್ಲಿ ಒರಟುತನ ಇರಲಿಲ್ಲ, ಭರವಸೆ ಇತ್ತು.

‘ಅಹವಾಲು’ ನನಗೆ ಪ್ರೀತಿಯ ಪದ. ಅರಬಿಯ ‘ಹಾಲ್’ ಎಂದರೆ ಸ್ಥಿತಿ, ಅದರ ಬಹುವಚನ ‘ಅಹ್ವಾಲ್’. ‘ಹಾಲಿ ಶಾಸಕರು’ ಎನ್ನುವಾಗಿನ ‘ಹಾಲಿ’ಯೂ ಅಲ್ಲಿಂದಲೇ ಬಂದದ್ದು. ಹಾಗಾಗಿ ಅಹವಾಲು ಎಂದರೆ ಮೂಲದಲ್ಲಿ ‘ನಮ್ಮ ಸ್ಥಿತಿ ಹೀಗಿದೆ’ ಎಂಬ ವರದಿ. ಹೊಸ್ತಿಲಿಗೆ ನೀರು ಬಂದದ್ದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಪದ ಇಲ್ಲ. ಆದರೆ ಪತ್ರಿಕೆಗಳಲ್ಲಿ ಅಹವಾಲನ್ನು ಸದಾ ‘ಸ್ವೀಕರಿಸುತ್ತಾರೆ’, ಬೇಡಿಕೆಯನ್ನು ‘ಈಡೇರಿಸುತ್ತಾರೆ’. ಜೊತೆಯಲ್ಲಿ ಬರುವ ಕ್ರಿಯಾಪದವೇ ಪದದ ತೂಕ ಹೇಳಿಬಿಡುತ್ತದೆ. ‘ದೂರು’ ಎಂದರೆ ಯಾರದೋ ತಪ್ಪು ಎಂದಾಗುತ್ತದೆ. ಮಳೆಯ ನೀರಿಗೆ ಯಾರನ್ನು ದೂರುವುದು?

ಎರಡು ತಿಂಗಳ ನಂತರ ನಮಗೊಂದು ಹಿಂಬರಹ ಬಂತು. ‘ಅನುದಾನದ ಲಭ್ಯತೆಯನ್ನು ಆಧರಿಸಿ ಮುಂದಿನ ಕ್ರಿಯಾಯೋಜನೆಯಲ್ಲಿ ಪರಿಗಣಿಸಲಾಗುವುದು’ ಎಂದಿತ್ತು. ಇಲ್ಲಿಂದ ನನ್ನ ಎರಡನೆಯ ತಕರಾರು. ಅನುದಾನದೊಳಗೆ ದಾನ ಇದೆ. ಕಿವಿಗೆ ಅದು ಮೇಲಿನಿಂದ ಕೆಳಗೆ ಬಂದ ಕೃಪೆಯಂತೆ ಕೇಳುತ್ತದೆ. ಸಂಗತಿ ಹಾಗಿಲ್ಲ. 1992ರ ತಿದ್ದುಪಡಿಗಳ ಮೂಲಕ ಸಂವಿಧಾನಕ್ಕೆ ಸೇರಿದ 243-ಐ ಮತ್ತು 243-ವೈ ವಿಧಿಗಳ ಪ್ರಕಾರ, ರಾಜ್ಯದ ತೆರಿಗೆಯಲ್ಲಿ ಪಂಚಾಯತಿ, ಪುರಸಭೆಗಳಿಗೆ ಎಷ್ಟು ಸಲ್ಲಬೇಕೆಂದು ಶಿಫಾರಸು ಮಾಡಲು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ಲೆಕ್ಕಪತ್ರದ ಭಾಷೆಯಲ್ಲಿ ತೆರಿಗೆಯ ಪಾಲು ಬೇರೆ, ಅನುದಾನ ಬೇರೆ, ಅದನ್ನು ಬಲ್ಲೆ. ಆದರೂ ಒಂದನ್ನು ಗಮನಿಸಿ: ರಾಜ್ಯವು ಕೇಂದ್ರದ ಕಡೆಗೆ ತಿರುಗಿ ಮಾತನಾಡುವಾಗ ‘ನಮ್ಮ ತೆರಿಗೆ ಪಾಲು’ ಎನ್ನುತ್ತದೆ. ಊರಿನ ಕಡೆಗೆ ತಿರುಗಿದಾಗ ‘ಅನುದಾನ ಬಿಡುಗಡೆ’ ಎನ್ನುತ್ತದೆ. ‘ಪಾಲು’ ಎಷ್ಟು ಗಟ್ಟಿಯಾದ ಪದ! ಅಣ್ಣತಮ್ಮಂದಿರ ಜಮೀನಿಗೂ ಅದೇ, ಹಬ್ಬದ ಹೋಳಿಗೆಗೂ ಅದೇ. ವಾರ್ಡಿನ ಪಾಲು, ಬೀದಿಯ ಪಾಲು ಎಂದು ಬರೆದರೆ ಅರ್ಥವಾಗದವರು ಯಾರಿದ್ದಾರೆ?

ಬಲ್ಲವರಲ್ಲಿ ಕೇಳುವುದು ಇದನ್ನು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಕನ್ನಡ ಕಾಗದಗಳನ್ನು ನೋಡಿದವರು ಇದ್ದರೆ, ರಸ್ತೆ, ಕೆರೆಗಳ ಬಗ್ಗೆ ಪ್ರತಿನಿಧಿಗಳು ಹೇಳಿದ್ದನ್ನು ಅಲ್ಲಿ ಯಾವ ಪದದಿಂದ ಕರೆದಿದ್ದಾರೆ? ಅಲ್ಲಿ ಎಲ್ಲಾದರೂ ‘ಬೇಡಿಕೆ’ ಸಿಗುತ್ತದೆಯೇ? ಕಲಬುರಗಿ, ಧಾರವಾಡ, ಮಂಗಳೂರು ಕಡೆಯ ಕಚೇರಿಗಳಲ್ಲಿ ಇಂತಹ ಕಾಗದಕ್ಕೆ ಈಗ ಏನೆನ್ನುತ್ತಾರೆ? ಚಪ್ಪಡಿಗಳು ಇನ್ನೂ ಮುರಿದೇ ಬಿದ್ದಿವೆ, ಮುಂದಿನ ತಿಂಗಳು ವಾರ್ಡಿನ ಸಭೆ ಇದೆ. ಎರಡನೆಯ ಕಾಗದದ ‘ವಿಷಯ’ದ ಸಾಲನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಬರೆದಿಟ್ಟಿದ್ದೇನೆ.