ಕೂದಲು ಉಣ್ಣುವುದಿಲ್ಲ: ಅಡುಗೆಮನೆ ಕಂಡೀಷನರ್ ಬಗ್ಗೆ ಪ್ರಶ್ನೋತ್ತರ

(ಉತ್ತರಿಸುವವರು: ಶಾಂಪೂ, ಕಂಡೀಷನರ್‌ಗಳನ್ನು ರೂಪಿಸುವ ರಸಾಯನತಜ್ಞೆ)

ಪ್ರಶ್ನೆ: ಮೇಡಂ, ನನ್ನ ಕೂದಲು ಒರಟು, ಬಾಚಿದರೆ ಸಿಕ್ಕು. ಬಾಳೆಹಣ್ಣು, ಮೊಟ್ಟೆ, ಜೇನು, ಮೊಸರು ಎಲ್ಲವನ್ನೂ ಕಲಸಿ ಎರಡು ಗಂಟೆ ಹಚ್ಚಿಕೊಂಡಿದ್ದೆ. ಬಿಸಿನೀರು ಹಾಕಿದಾಗ ಮೊಟ್ಟೆ ಬೆಂದು ಅಂಟಿಕೊಂಡಿತು. ಬಾಳೆಹಣ್ಣಿನ ಚೂರುಗಳನ್ನು ಮರುದಿನವೂ ಹೆಕ್ಕುತ್ತಿದ್ದೆ. ಎಲ್ಲಿ ತಪ್ಪಿದೆ?

ಉತ್ತರ: ಮೊಟ್ಟೆ ಬೆಂದಿರಲಾರದು. ಅದರ ಬಿಳಿಭಾಗ ಗಟ್ಟಿಯಾಗಲು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಅಂಥ ನೀರನ್ನು ತಲೆಗೆ ಸುರಿದಿದ್ದರೆ ನೀವು ಕಿರುಚುತ್ತಿದ್ದಿರಿ. ಎರಡು ಗಂಟೆಯಲ್ಲಿ ಅದು ಒಣಗಿ ಗೋಂದಾಗಿತ್ತು, ಅಷ್ಟೇ.

ನಿಜವಾದ ತಪ್ಪು ಕೂದಲಿಗೆ ಊಟ ಬಡಿಸಲು ಹೊರಟದ್ದು. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವಕೋಶ ಬದುಕಿರುವುದಿಲ್ಲ, ಅದಕ್ಕೆ ಪೋಷಣೆ ಎಂಬುದಿಲ್ಲ. ಮೊಟ್ಟೆಯ ಪ್ರೋಟೀನ್ ಕಣ ದೊಡ್ಡದು, ಕೂದಲಿನ ಒಳಗೆ ಹೋಗುವುದಿಲ್ಲ. ಕೂದಲಿನ ಮೇಲ್ಮೈಯಲ್ಲಿ ಮೀನಿನ ಪೊರೆಯಂತೆ ಒಂದರ ಮೇಲೊಂದು ಕುಳಿತ ಪದರಗಳಿವೆ. ಅವು ಎದ್ದು ನಿಂತಾಗ ಒರಟು, ಸಿಕ್ಕು. ನಮಗೆ ಬೇಕಾದದ್ದು ಅವುಗಳ ಮೇಲೊಂದು ತೆಳು ಜಾರು ಹೊದಿಕೆ.

ಅದಕ್ಕೆ ನನ್ನ ಮೊದಲ ಆಯ್ಕೆ ಅಗಸೆ ಬೀಜ. ಎರಡು ದೊಡ್ಡ ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಕೈಯಾಡಿಸುತ್ತಿರಿ. ಚಮಚದಿಂದ ನೂಲಿನಂತೆ ಇಳಿಯತೊಡಗಿದಾಗ ಒಲೆ ಆರಿಸಿ, ತೆಳುಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ತೊಳೆದ ಒದ್ದೆ ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೆನೆಸಿ ರುಬ್ಬಿದ ಮೆಂತ್ಯದ ಲೋಳೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಅದರ ತರಿ ಬಾಳೆಹಣ್ಣಿನಷ್ಟೇ ಕಾಡುತ್ತದೆ. ಸೋಸದೆ ಹಚ್ಚಬೇಡಿ.

ಇಷ್ಟಾದರೂ ಕೊಂಡ ಕಂಡೀಷನರಿನ ನುಣುಪು ಇದಕ್ಕೆ ಬರುವುದಿಲ್ಲ. ಹಾನಿಯಾದ ಕೂದಲಿನ ಮೇಲೆ ಋಣ ವಿದ್ಯುದಂಶ ಹೆಚ್ಚು. ಕಾರ್ಖಾನೆಯ ಕಂಡೀಷನರಿನಲ್ಲಿರುವ ಧನ ವಿದ್ಯುದಂಶದ ಅಣುಗಳು ಅಲ್ಲಿಗೇ ಹೋಗಿ ಅಂಟುತ್ತವೆ, ತೊಳೆದರೂ ಉಳಿಯುತ್ತವೆ. ಅಂಥ ವಸ್ತು ಅಡುಗೆಮನೆಯಲ್ಲಿಲ್ಲ.

ಪ್ರಶ್ನೆ: ನಾನೂ ಅಗಸೆ ಕುದಿಸಿದೆ ಮೇಡಂ. ಆರಿದ ಮೇಲೆ ಸೋಸಲು ಹೋದರೆ ಒಂದು ಹನಿಯೂ ಇಳಿಯಲಿಲ್ಲ.

ಉತ್ತರ: ಬಿಸಿಯಿದ್ದಾಗಲೇ ಸೋಸಬೇಕಿತ್ತು. ಸ್ವಲ್ಪ ನೀರು ಬೆರೆಸಿ ಮತ್ತೆ ಬಿಸಿ ಮಾಡಿ, ಇಳಿಯುತ್ತದೆ.

ಪ್ರಶ್ನೆ: ಹಾಗಾದರೆ ಎಣ್ಣೆ ಹಚ್ಚುವುದೂ ವ್ಯರ್ಥವೇ?

ಉತ್ತರ: ಅಲ್ಲ. ಇಲ್ಲಿ ತೆಂಗಿನೆಣ್ಣೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಕೂದಲಿನೊಳಗೆ ನುಸುಳಬಲ್ಲದು. ತಲೆ ತೊಳೆಯುವ ಕೆಲವು ಗಂಟೆ ಮುಂಚೆ ಒಂದೆರಡು ಚಿಕ್ಕ ಚಮಚ ಹಚ್ಚಿದರೆ, ನೀರು ಹೀರಿ ಕೂದಲು ಉಬ್ಬುವುದು ಕಡಿಮೆಯಾಗುತ್ತದೆ. ತಲೆಹೊಟ್ಟು ಇರುವವರು ನೆತ್ತಿಗೆ ಮುಟ್ಟಿಸದೆ ತುದಿಗಷ್ಟೇ ಹಚ್ಚಿ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಕೊಬ್ಬನ್ನೇ ತಿಂದು ಬೆಳೆಯುತ್ತದೆ.

ಪ್ರಶ್ನೆ: ಮೊದಲು ಅಡುಗೆ ಸೋಡಾ, ನಂತರ ನಿಂಬೆರಸ. ಹೀಗೆ ತೊಳೆದರೆ ಹೊಳಪು ಬರುತ್ತದೆ ಎನ್ನುತ್ತಾರೆ.

ಉತ್ತರ: ಎರಡೂ ಬೇಡ. ಸೋಡಾ ಕ್ಷಾರ, ಪದರಗಳನ್ನು ಎಬ್ಬಿಸುತ್ತದೆ. ನಿಂಬೆರಸದ ಆಮ್ಲ ಅತಿ ತೀಕ್ಷ್ಣ. ನಿಂಬೆರಸ ತಗಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಗುಳ್ಳೆಗಳೇಳಬಹುದು. ಆಮ್ಲವೇ ಬೇಕಿದ್ದರೆ ದೊಡ್ಡ ಲೋಟ ನೀರಿಗೆ ಒಂದು ಚಮಚ ವಿನಿಗರ್ ಬೆರೆಸಿ ಕೊನೆಯಲ್ಲಿ ಹಾಯಿಸಿ. ವಾರಕ್ಕೊಮ್ಮೆ ಸಾಕು, ಕಣ್ಣಿಗೆ ಬೀಳದಿರಲಿ.

ಪ್ರಶ್ನೆ: ಅಗಸೆ ಲೋಳೆಯನ್ನು ತಿಂಗಳಿಗಾಗುವಷ್ಟು ಮಾಡಿಡಬಹುದೇ?

ಉತ್ತರ: ಖಂಡಿತ ಬೇಡ. ನೀರಿದ್ದು ಸಂರಕ್ಷಕ ಇಲ್ಲದ ಯಾವುದೂ ಸಾರು, ಪಲ್ಯದಂತೆಯೇ ಕೆಡುತ್ತದೆ, ವಾಸನೆ ಬರುವ ಮುನ್ನವೇ ಸೂಕ್ಷ್ಮಾಣು ಬೆಳೆದಿರುತ್ತದೆ. ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ, ಇಲ್ಲವೇ ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಬೇಕಾದಾಗ ಒಂದೊಂದು ಗಡ್ಡೆ ಕರಗಿಸಿಕೊಳ್ಳಿ. ಮೊದಲ ಸಲ ಬಳಸುವ ಹಿಂದಿನ ದಿನ ಮೊಣಕೈಯ ಒಳಭಾಗಕ್ಕೆ ಹಚ್ಚಿ ನೋಡಿ. ತುರಿಕೆ ಬಂದರೆ ತಲೆಗೆ ಹಚ್ಚಬೇಡಿ.