ಹೊರದೇಶದಲ್ಲಿ ಪರಿಚಯವಿಲ್ಲದವರು ಮಾತನಾಡಿಸಿದರೆ ಏನು ಮಾಡುತ್ತೀರಿ?

ಶಿರಸಿಯಿಂದ ಬಂದ ಪ್ರಶ್ನೆ:
ಮುಂದಿನ ಬೇಸಿಗೆಯಲ್ಲಿ ಮಗಳೊಂದಿಗೆ ಜಪಾನಿಗೆ ಹೋಗಿ, ಮರಳುವಾಗ ಬ್ಯಾಂಕಾಕ್ ನೋಡಿಕೊಂಡು ಬರುವ ಯೋಚನೆಯಿದೆ. ಮಾರಿಕಾಂಬೆಯ ಜಾತ್ರೆಯಲ್ಲಿ ಪಕ್ಕದಲ್ಲಿ ನಿಂತವರೊಂದಿಗೆಲ್ಲ ಮಾತಿಗಿಳಿಯುವ ಸ್ವಭಾವ ನನ್ನದು. ಆದರೆ ಮನೆಯವರು "ಅಲ್ಲಿ ಯಾರನ್ನೂ ಮಾತನಾಡಿಸಬೇಡಿ" ಎನ್ನುತ್ತಿದ್ದಾರೆ. ಬಾಯಿ ಮುಚ್ಚಿಕೊಂಡು ತಿರುಗುವುದಾದರೆ ಅಷ್ಟು ದೂರ ಹೋಗುವುದೇಕೆ? ಹೋಗಿ ಬಂದವರು ತಿಳಿಸಿ.

ಕಾರವಾರದಿಂದ, ಹಡಗಿನಲ್ಲಿ ಕೆಲಸ ಮಾಡಿದವರು:
ಅಕ್ಕಾ, ಖಂಡಿತ ಮಾತನಾಡಿ. ಹಡಗು ಯೊಕೊಹಾಮಾದಲ್ಲಿ ನಿಂತಾಗ ಒಂದು ಸಂಜೆ ಜೊತೆಯವನಿಗೆ ಜ್ವರ ಬಂದಿತ್ತು, ಔಷಧದ ಅಂಗಡಿ ಹುಡುಕುತ್ತಿದ್ದೆವು. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ವೃದ್ಧೆಯೊಬ್ಬರಿಗೆ ಕಾಗದದಲ್ಲಿ ಬರೆದ ವಿಳಾಸ ತೋರಿಸಿದೆ. ನಮ್ಮ ಮಾತು ಅವರಿಗೆ ತಿಳಿಯದು, ಅವರದು ನಮಗೆ ತಿಳಿಯದು. ಕೈಸನ್ನೆ ಮಾಡಿ ಕಳಿಸಿಬಿಡಬಹುದಿತ್ತು. ಅವರು ಸೈಕಲ್ ತಿರುಗಿಸಿ ಅಂಗಡಿಯ ಬಾಗಿಲವರೆಗೆ ಬಂದರು, ಒಳಗಿದ್ದವರಿಗೆ ಏನೋ ವಿವರಿಸಿದರು, ಬಗ್ಗಿ ನಮಸ್ಕರಿಸಿ ಹೊರಟೇಹೋದರು.

ಇಂಥ ಹೊತ್ತಿನಲ್ಲಿ ಹಣ ಕೊಡಲು ಹೋಗಬೇಡಿ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ, ಕೈಗೆ ತುರುಕಿದರೆ ಮುಜುಗರಪಡುತ್ತಾರೆ. ಬೇಕಾದರೆ ನಮ್ಮ ಕಡೆಯ ತೆಳು ಸಿಹಿತಿಂಡಿ ತೊಡದೇವು ಒಯ್ಯಿರಿ. ಹಗುರ, ಬೇಗ ಕೆಡುವುದೂ ಇಲ್ಲ. ಪುಡಿಯಾಗದಂತೆ ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಂಡರಾಯಿತು.

ರೈಲಿನಲ್ಲಿ ಯಾರೂ ಮಾತನಾಡಿಸಲಿಲ್ಲವೆಂದು ಬೇಸರಿಸಬೇಡಿ. ಅಲ್ಲಿ ಬೋಗಿಯಲ್ಲಿ ಮೆಲ್ಲಗೆ ಮಾತನಾಡುವುದು, ಫೋನ್ ಕರೆ ಮಾಡದಿರುವುದು ಮರ್ಯಾದೆ. ಮಾತು ಹುಟ್ಟುವುದು ನಾಲ್ಕೈದು ಕುರ್ಚಿಗಳ ಪುಟ್ಟ ಊಟದಂಗಡಿಗಳಲ್ಲಿ. ನಗರಗಳಲ್ಲಿ ಅಲ್ಲಲ್ಲಿ ‘ಕೋಬಾನ್’ ಎಂಬ ಸಣ್ಣ ಪೊಲೀಸ್ ಚೌಕಿಗಳಿವೆ. ದಾರಿ ಹೇಳುವುದು ಅಲ್ಲಿನವರ ನಿತ್ಯದ ಕೆಲಸ, ಸಂಕೋಚವಿಲ್ಲದೆ ಕೇಳಿ. ವಸ್ತು ಕಳೆದರೂ ಅಲ್ಲಿಗೇ ಹೋಗಿ. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 119.

ನಾನು ಎಲ್ಲ ಬಂದರುಗಳಲ್ಲೂ ಪಾಲಿಸಿದ್ದು ಇಷ್ಟೇ: ಸಹಾಯ ಬೇಕಾದಾಗ ಯಾರನ್ನು ಕೇಳಬೇಕೆಂದು ನಾನೇ ಆರಿಸಿಕೊಳ್ಳುತ್ತಿದ್ದೆ. ಅಂಗಡಿಯವರು, ಮಕ್ಕಳನ್ನು ಕರೆದುಕೊಂಡು ಹೊರಟ ತಾಯಂದಿರು, ತಮ್ಮ ಪಾಡಿಗೆ ಹೋಗುತ್ತಿರುವ ವಯಸ್ಸಾದವರು. ನೂರು ಜನರ ನಡುವೆ ನನ್ನನ್ನೇ ಗುರುತಿಸಿ ಹತ್ತಿರ ಬಂದವರ ಮಾತನ್ನು ನಿಂತು, ಯೋಚಿಸಿ ಕೇಳುತ್ತಿದ್ದೆ.

ಗೋಕರ್ಣದಿಂದ:
ನಮ್ಮದು ರಥಬೀದಿಯಲ್ಲಿ ಅಂಗಡಿ, ವಿದೇಶಿಯರು ದಿನವೂ ಬರುತ್ತಾರೆ. "ನಮಸ್ಕಾರ" ಎಂದು ಒಳಗೆ ಬರುವವರನ್ನು ಕಂಡರೆ ಕುಳ್ಳಿರಿಸಿ ಮಾತನಾಡಿಸುವ ಮನಸ್ಸಾಗುತ್ತದೆ. ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯುವವರು ಬೇಗ ಹೋಗಲಿ ಅನ್ನಿಸುತ್ತದೆ. ನೀವೂ ಕೇಳಿಯೇ ಫೋಟೊ ತೆಗೆಯಿರಿ. ಜಪಾನಿನಲ್ಲಿ "ಅರಿಗಾತೊ ಗೊಝಾಯಿಮಸ್", ಥಾಯ್ಲೆಂಡಿನಲ್ಲಿ ಹೆಂಗಸರು "ಖೊಪ್ ಖುನ್ ಖಾ" ಎಂದರೆ ಧನ್ಯವಾದ ಹೇಳಿದಂತೆ.

ಕುಮಟಾದಿಂದ:
ಬ್ಯಾಂಕಾಕಿನ ಬಗ್ಗೆ ನಾನು ಹೇಳಲೇಬೇಕು. ಅಲ್ಲಿನ ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ನೀಟಾಗಿ ಬಟ್ಟೆ ತೊಟ್ಟವರೊಬ್ಬರು ನಗುತ್ತಾ ಬಂದು, "ಇಂದು ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ, ಟುಕ್‌ಟುಕ್‌ಗೆ ತುಂಬಾ ಕಡಿಮೆ ಬಾಡಿಗೆ" ಎನ್ನಬಹುದು. ಇದು ಬಹುಕಾಲದಿಂದ ನಡೆದಿರುವ ಮೋಸ. ಆ ಸವಾರಿ ಕೊನೆಗೆ ಹರಳಿನ ಅಂಗಡಿಗೋ ಬಟ್ಟೆ ಹೊಲಿಯುವ ಅಂಗಡಿಗೋ ಹೋಗಿ ನಿಲ್ಲುತ್ತದೆ. ನನ್ನನ್ನೂ ಹೀಗೆ ತಡೆದರು. ಕೈಮುಗಿದು ಗೋಡೆಯ ಗುಂಟ ನಡೆದು ಹೆಬ್ಬಾಗಿಲಿಗೇ ಹೋದೆ, ತೆರೆದೇ ಇತ್ತು. ಪ್ರವಾಸಿ ಪೊಲೀಸರ ಸಂಖ್ಯೆ 1155, ಮಗಳ ಮೊಬೈಲಿನಲ್ಲೂ ಇರಲಿ.

ಅದೇ ದಿನ ಚಾವೊ ಫ್ರಾಯಾ ನದಿಯ ದೋಣಿಯಲ್ಲಿ ಪಕ್ಕದ ಹೆಂಗಸು ತನ್ನ ಪೊಟ್ಟಣ ಬಿಚ್ಚಿ ನನಗೂ ಮಾವಿನಕಾಯಿ ಹೋಳು ಕೊಟ್ಟಳು. ಉಪ್ಪು, ಸಕ್ಕರೆ, ಮೆಣಸಿನ ಪುಡಿ ಬೆರೆಸಿ ಅದ್ದಿಕೊಂಡು ತಿನ್ನುತ್ತಾರೆ. ಸಕ್ಕರೆಯೊಂದನ್ನು ಬಿಟ್ಟರೆ ನಮ್ಮ ತೋಟದಲ್ಲಿ ತಿಂದಂತೆಯೇ ಇತ್ತು! ಮೊಬೈಲಿನಲ್ಲಿ ಅವಳ ಮಕ್ಕಳನ್ನು ತೋರಿಸಿದಳು, ನಾನು ನನ್ನವರನ್ನು ತೋರಿಸಿದೆ. ತನ್ನ ಕಟ್ಟೆ ಬಂದಾಗ ಇಳಿದು ಹೋದಳು. ಎಲ್ಲಿಗೂ ಕರೆಯಲಿಲ್ಲ, ನನ್ನ ದಾರಿ ಬದಲಿಸಲಿಲ್ಲ. ನಿಮ್ಮ ಮನೆಯವರ ಮಾತು ಕೇಳಿದ್ದರೆ ನಾನು ಅವಳನ್ನೂ ಕಳೆದುಕೊಳ್ಳುತ್ತಿದ್ದೆ.

ಬೌದ್ಧ ಭಿಕ್ಷುಗಳೊಂದಿಗೆ ಮಾತನಾಡಬಹುದು, ಆದರೆ ಹೆಂಗಸರು ಅವರನ್ನು ಮುಟ್ಟಬಾರದು, ನೇರವಾಗಿ ಕೈಗೆ ಏನನ್ನೂ ಕೊಡಬಾರದು.

ಭಟ್ಕಳದಿಂದ, ಮಸ್ಕತ್ತಿನಲ್ಲಿ ಇದ್ದವರು:
ನಿಮ್ಮ ದಾರಿಯಲ್ಲಿ ಒಮಾನ್ ಇಲ್ಲ, ಆದರೂ ಹೇಳುತ್ತೇನೆ. ನಿಜ್ವಾ ಕಡೆ ಕಾರು ಕೆಟ್ಟು ನಿಂತಾಗ ಆ ಹಳ್ಳಿಯ ಹಿರಿಯರೊಬ್ಬರು ಮನೆಗೆ ಕರೆದು ಖರ್ಜೂರ, ಕಹ್ವಾ ಎಂಬ ಅರಬ್ ಕಾಫಿ ಕೊಟ್ಟರು. ಬಟ್ಟಲು ಬರಿದಾದಂತೆ ತುಂಬುತ್ತಲೇ ಇರುತ್ತಾರೆ. ಸಾಕೆನ್ನಲು ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಬೇಕು. ಮೆಕ್ಯಾನಿಕ್ ಬರುವವರೆಗೂ ಮನೆಮಂದಿಯಂತೆ ಕೂರಿಸಿಕೊಂಡರು. ಅಂಥ ಕರೆಗೆ ಇಲ್ಲವೆನ್ನಲು ಇಂದಿಗೂ ನನಗೆ ಮನಸ್ಸು ಬಾರದು.

ಒಂದು ವಿಷಯದಲ್ಲಿ ಮಾತ್ರ ಮುಲಾಜು ನೋಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ "ನನ್ನ ಚೀಲ ಭಾರವಾಯಿತು, ಇದೊಂದು ಪೊಟ್ಟಣ ನಿಮ್ಮದರಲ್ಲಿ ಇಟ್ಟುಕೊಳ್ಳಿ" ಎಂದು ಯಾರೇ ಕೇಳಲಿ, ಕನ್ನಡದಲ್ಲೇ ಕೇಳಲಿ, ಆಗದು ಎನ್ನಿ. ನಾವು ಪಾಯಸ ಮಾಡುವ ಗಸಗಸೆ ಯುಎಇಯಲ್ಲಿ ನಿಷೇಧಿತ ವಸ್ತು. ದುಬೈ ಮೂಲಕ ವಿಮಾನವಿದ್ದರೆ ನಿಮ್ಮ ಅಡುಗೆ ಸಾಮಾನಿನಲ್ಲೂ ಅದು ಇಲ್ಲವೆಂದು ನೋಡಿಕೊಳ್ಳಿ. ಔಷಧಗಳಿಗೆ ವೈದ್ಯರ ಚೀಟಿ ಜೊತೆಗಿರಲಿ.